ಓಗಿನೋ-ಸಾನ್‌ಳ ಬಂದೂಕಿಗೊಂದು ಆಕ್ಷನ್

ಆ ವರ್ಷ ಕೊರೋನಾ ಕಾರಣಕ್ಕೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾತಾಡುವಂತಿರಲಿಲ್ಲ. ಪ್ರತಿ ಮೇಜಿನ ನಡುವೆ ಪಾರದರ್ಶಕ ಹಾಳೆ ನಿಲ್ಲಿಸಿದ್ದರು, ಗೋಡೆಯ ಮೇಲೆ ‘ಮೌನವಾಗಿ ಊಟ ಮಾಡಿ’ ಎಂದು ದೊಡ್ಡದಾಗಿ ಬರೆದಿದ್ದರು. ಮಾತು ಬೇಕೇಬೇಕು ಎನ್ನುವವರು ಡಬ್ಬಿ ಹಿಡಿದುಕೊಂಡು ಸೈಕಲ್ ಸ್ಟ್ಯಾಂಡಿನ ಹಿಂದಿನ ಕಟ್ಟೆಗೆ ಹೋಗಬೇಕು. ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳ ಒಂದು ಮಧ್ಯಾಹ್ನ ಆ ಕಟ್ಟೆಯ ಮೇಲೆ ಒಂದು ಮಾರು ದೂರ ಕೂತು ಓಗಿನೋ-ಸಾನ್ ಕೇಳಿದಳು:

“ಕಮಲಾ-ಸಾನ್, ಒಂದು ವಸ್ತುವನ್ನು ಮುಟ್ಟದೆಯೇ ಅಳೆಯೋದಕ್ಕೆ ಆಗುತ್ತಾ?”

“ಯಾವ ವಸ್ತು?”

“ಬಂದೂಕು.”

ಕಮಲಾಕ್ಷಿಯ ಕೈಯಲ್ಲಿದ್ದ ಚಪಾತಿ ಚೂರು ಪಲ್ಯದ ಮೇಲೇ ನಿಂತಿತು.

ಇಬ್ಬರದೂ ಒಂಬತ್ತು ವರ್ಷದ ಸ್ನೇಹ, ಆದರೂ ಹೆಸರಿನ ಮುಂದೆ ಗೌರವದ ‘ಸಾನ್’ ಬಿಟ್ಟಿರಲಿಲ್ಲ. ಜಪಾನಿನ ಅತ್ಸುಗಿಯ ಈ ಕಾರ್ಖಾನೆಯಲ್ಲಿ ಕಾರಿನ ಗೇರ್‌ಪೆಟ್ಟಿಗೆಯ ಬಿಡಿಭಾಗಗಳು ತಯಾರಾಗುತ್ತವೆ. ಹರಿಹರದ ಕಮಲಾಕ್ಷಿ ಅಲ್ಲಿ ಅಳತೆ ವಿಭಾಗದಲ್ಲಿದ್ದಳು. ಕೂದಲೆಳೆಯ ನೂರನೇ ಒಂದು ಪಾಲು ಹೆಚ್ಚುಕಮ್ಮಿಯಾದರೂ ಹಿಡಿದು ವಾಪಸು ಕಳಿಸುವುದು ಅವಳ ಕೆಲಸ. ಓಗಿನೋ-ಸಾನ್ ರವಾನೆ ವಿಭಾಗದವಳು. ಐವತ್ತೆರಡು ವರ್ಷ, ನಾಲ್ಕಡಿ ಹತ್ತಿಂಚು ಎತ್ತರ, ಗಂಡ ಇಲ್ಲ, ಮಕ್ಕಳಿಲ್ಲ. ವಾರವೆಲ್ಲ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಈ ಹೆಂಗಸು ಭಾನುವಾರವಾದರೆ ಕಿತ್ತಳೆ ಬಣ್ಣದ ಕೋಟು ತೊಟ್ಟು ತಾನ್ಜಾವಾ ಬೆಟ್ಟ ಹತ್ತಿ ಜಿಂಕೆ ಬೇಟೆಗೆ ಹೋಗುತ್ತಾಳೆಂಬುದು ಕಮಲಾಕ್ಷಿಗೆ ಗೊತ್ತಾಗಿದ್ದು ಸ್ನೇಹದ ಮೂರನೇ ವರ್ಷದಲ್ಲಿ. ಗೊತ್ತಾದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ಮೊಟ್ಟೆ ಒಡೆದವರನ್ನೇ ಅವಳು ಕಂಡಿರಲಿಲ್ಲ. ಆಮೇಲೆ ಆ ವಿಷಯವನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಈಗ ಓಗಿನೋ-ಸಾನ್ ತಾನಾಗಿಯೇ ಎತ್ತಿದಳು. ಜಪಾನಿನಲ್ಲಿ ಬೇಟೆಗಾರರು ಮೊದಲು ಚರೆ ಕೋವಿಯನ್ನೇ ಇಟ್ಟುಕೊಳ್ಳಬೇಕು. ಹತ್ತು ವರ್ಷ ಒಂದು ತಪ್ಪಿಲ್ಲದೆ ಇಟ್ಟುಕೊಂಡವರಿಗೆ ಮಾತ್ರ ರೈಫಲ್ ಕೇಳುವ ಹಕ್ಕು. ಓಗಿನೋ-ಸಾನ್‌ಳ ಹತ್ತು ವರ್ಷ ಏಪ್ರಿಲ್‌ಗೆ ಮುಗಿದಿತ್ತು.

“ಚರೆ ಕೋವಿ ಐವತ್ತು ಮೀಟರ್ ಆಚೆ ನನಗೆ ನಂಬಿಕೆ ಕೊಡೋದಿಲ್ಲ,” ಅಂದಳು. “ಹೋದ ಜನವರಿಯಲ್ಲಿ ಒಂದು ಹೆಣ್ಣು ಜಿಂಕೆಗೆ ಹೊಡೆದೆ. ಗುಂಡು ಎದೆಗೆ ಬೀಳದೆ ಹಿಂದೆ ಹೊಟ್ಟೆಗೆ ಬಿತ್ತು. ಎರಡು ದಿನ ರಕ್ತದ ಗುರುತು ಹಿಡಿದು ನಡೆದೆ. ಕೆಲಸಕ್ಕೆ ಹುಷಾರಿಲ್ಲ ಅಂತ ರಜೆ ಹಾಕಿದ್ದೆನಲ್ಲ, ಅದು ಅದೇ. ಸಿಕ್ಕಾಗ ಅದಿನ್ನೂ ಬದುಕಿತ್ತು.”

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

“ಜಿಂಕೆಗಳು ಬೆಟ್ಟದ ಗಿಡ ತಿಂದು ಮುಗಿಸಿವೆ, ಮಣ್ಣು ಜಾರುತ್ತಿದೆ. ನಗರಸಭೆ ನಮ್ಮನ್ನು ಕೇಳಿಕೊಂಡು ಕಳಿಸುತ್ತೆ. ಯಾರಾದರೂ ಹೊಡೆಯಲೇಬೇಕು. ಹೊಡೆದರೆ ಒಂದೇ ಏಟಿಗೆ ಆಗಬೇಕು.”

ಅಂಗಡಿಯ ರೈಫಲ್‌ಗಳು ಅವಳ ಮೈಗೆ ಉದ್ದ, ತೋಳಿಗೆ ಭಾರ. ಅದಕ್ಕೇ ಹದಾನೊ ಊರಿನ ಕುವಾಬಾರಾ-ಸಾನ್ ಎಂಬ ಬಂದೂಕು ಕಮ್ಮಾರನಿಂದ ತನ್ನ ಅಳತೆಗೆ ಒಂದನ್ನು ಕಟ್ಟಿಸುವವಳಿದ್ದಳು. ತೊಡಕು ಬೇರೆಯೇ ಇತ್ತು. ಎಪ್ಪತ್ತಾರು ವರ್ಷದ ಕುವಾಬಾರಾ-ಸಾನ್‌ಗೆ ಎರಡು ಕಣ್ಣಿಗೂ ಪೊರೆ. ಒಂದರ ಆಪರೇಷನ್ ಆಗಿದೆ, ಇನ್ನೊಂದನ್ನು ಕೊರೋನಾ ಕಾರಣಕ್ಕೆ ಆಸ್ಪತ್ರೆಯವರು ಮುಂದೂಡುತ್ತಲೇ ಇದ್ದಾರೆ. ‘ನನ್ನ ಕೈ ಸರಿ ಇದೆ, ಕಣ್ಣು ಅರ್ಧ. ಅಳತೆಯ ಮುಳ್ಳು ಓದೋದಕ್ಕೆ ಬೇರೆ ಕಣ್ಣು ತನ್ನಿ’ ಎಂದಿದ್ದರಂತೆ.

“ನೀವೇ ಓದಬಹುದಲ್ಲ?”

“ಬೇಡ ಅಂದರು. ಕೊಳ್ಳುವವರ ಕಣ್ಣಿಗೆ ತನಗೆ ಬೇಕಾದ್ದೇ ಕಾಣುತ್ತಂತೆ.”

ಆ ಒಂದು ಮಾತಿಗೆ ಕಮಲಾಕ್ಷಿ ಒಪ್ಪಿಕೊಂಡಳು. ಅಳತೆ ವಿಭಾಗದಲ್ಲಿ ಹದಿನಾಲ್ಕು ವರ್ಷ ಅವಳು ಮ್ಯಾನೇಜರುಗಳಿಗೆ ಹೇಳುತ್ತ ಬಂದ ಮಾತು ಅದು.

ಮನೆಯಲ್ಲಿ ಗಂಡ ಶಿವಾನಂದ ಒಪ್ಪಲಿಲ್ಲ. ಸಗಮಿಹಾರಾದ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಅವನು ಊಟದ ಮೇಜನ್ನೇ ಆಫೀಸು ಮಾಡಿಕೊಂಡು ವರ್ಷದ ಮೇಲಾಗಿತ್ತು. ಆ ತಿಂಗಳು ಊರಿನಿಂದ ಫೋನ್ ಬಂತೆಂದರೆ ಇಬ್ಬರಿಗೂ ಎದೆ ಧಸಕ್ಕೆನ್ನುತ್ತಿತ್ತು. ದಾವಣಗೆರೆಯಲ್ಲಿ ಬೆಡ್ ಸಿಗುತ್ತಿಲ್ಲ, ಹುಬ್ಬಳ್ಳಿಯಲ್ಲಿ ಆಕ್ಸಿಜನ್ ಇಲ್ಲ, ಇಂಥ ಸುದ್ದಿಗಳೇ.

“ನಮ್ ಪರ್ಮನೆಂಟ್ ರೆಸಿಡೆನ್ಸಿ ಅರ್ಜಿ ಇನ್ನೂ ಅವರ ಟೇಬಲ್ ಮೇಲಿದೆ ಕಮಲಾ,” ಅಂದ. “ಈಗ ಹೋಗಿ ಬಂದೂಕಿನ ಅಂಗಡೀಲಿ ಕೂತ್ಕೊಂಡ್ರೆ ಪೊಲೀಸ್ ರೆಕಾರ್ಡ್‌ನಲ್ಲಿ ಹೆಸರು ಬರಲ್ವಾ?”

“ನಾನು ಮುಟ್ಟಲ್ಲ ರೀ. ನೋಡ್ತೀನಿ ಅಷ್ಟೆ.”

“ನೋಡೋದು ಎಲ್ಲಿಗೆ ಮುಗಿಯುತ್ತೆ, ಮುಟ್ಟೋದು ಎಲ್ಲಿ ಶುರುವಾಗುತ್ತೆ ಅಂತ ಯಾರು ಹೇಳ್ತಾರೆ?”

ಹದಿನೈದು ವರ್ಷದ ತನ್ವಿ ಕಿವಿಯಿಂದ ಇಯರ್‌ಫೋನ್ ತೆಗೆದು ‘ಯಬಾಯ್’ ಎಂದಳು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅವಳ ಶಾಲೆಯಲ್ಲಿ ಅದೊಂದೇ ಪದ, ಹಾಗಾಗಿ ಮಗಳು ಯಾರ ಪಕ್ಷ ಎಂಬುದು ತಿಳಿಯಲಿಲ್ಲ.

ಶಿವಾನಂದನ ಪ್ರಶ್ನೆಗೆ ಉತ್ತರ ಕೊಟ್ಟವರು ಸ್ವತಃ ಕುವಾಬಾರಾ-ಸಾನ್. ಓಗಿನೋ-ಸಾನ್ ವಿಷಯ ತಿಳಿಸಿದ ಮರುದಿನವೇ ಅವರು ಹದಾನೊ ಪೊಲೀಸ್ ಠಾಣೆಗೆ ಹೋಗಿ, ಇಂಥ ವಿದೇಶಿ ಹೆಂಗಸು, ಇಂಥ ಕೆಲಸಕ್ಕೆ, ಇಂಥ ದಿನ ನನ್ನ ಅಂಗಡಿಗೆ ಬರುತ್ತಾಳೆ, ಏನು ಮಾಡಬಹುದು ಏನು ಕೂಡದು ಎಂದು ಕೇಳಿ ಬಂದರು. ಪರವಾನಗಿ ಇಲ್ಲದವರು ಬಂದೂಕನ್ನಾಗಲಿ ಅದರ ನಡುವಿನ ಯಂತ್ರಭಾಗವಾದ ಆಕ್ಷನ್ ಅನ್ನಾಗಲಿ ಕೈಯಲ್ಲಿ ಹಿಡಿಯುವಂತಿಲ್ಲ. ನೋಡಲು ಅಡ್ಡಿಯಿಲ್ಲ. ಅಧಿಕಾರಿಯ ಹೆಸರು, ಹೋದ ಗಂಟೆ, ಕೇಳಿದ ಪ್ರಶ್ನೆ, ಸಿಕ್ಕ ಉತ್ತರ ಎಲ್ಲವನ್ನೂ ದುಂಡನೆಯ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು, ಮೊಹರು ಒತ್ತಿ ಅಂಚೆಯಲ್ಲಿ ಕಳಿಸಿದ್ದರು. ಶಿವಾನಂದ ಅದನ್ನು ಎರಡು ಸಲ ಓದಿದ.

“ಇಷ್ಟು ಸರಿಯಾಗಿ ನಮ್ ಲಾಯರ್ರೂ ಬರೆಯಲ್ಲ,” ಎಂದು ಹಾಳೆಯನ್ನು ವೀಸಾ ಕಾಗದಗಳ ಫೈಲಿಗೆ ಸೇರಿಸಿದ.

ಜೂನ್ ಮೊದಲ ಶನಿವಾರ ಕಮಲಾಕ್ಷಿ ಓಗಿನೋ-ಸಾನ್ ಜೊತೆ ಹದಾನೊಗೆ ಹೋದಳು. ಅಂಗಡಿ ಅಂದರೆ ಸ್ಟೇಷನ್ನಿನಿಂದ ಇಪ್ಪತ್ತು ನಿಮಿಷದ ನಡಿಗೆಯ ದೂರದಲ್ಲಿ, ಅಕ್ಕಿ ಅಂಗಡಿಗೂ ಮುಚ್ಚಿದ ಕ್ಷೌರದಂಗಡಿಗೂ ನಡುವೆ, ಒಂದು ಕಿರಿದಾದ ಮನೆ. ಹೊರಗೆ ಫಲಕವಿಲ್ಲ. ಒಳಗೆ ಕಬ್ಬಿಣದ ಕಪಾಟು, ಕಿಟಕಿಯ ಪಕ್ಕ ಹಳೆಯ ಲೇತು, ಒಂದು ಉದ್ದನೆಯ ಮೇಜು. ಮೇಜಿನಿಂದ ಎರಡು ಮೀಟರ್ ಹಿಂದೆ ನೆಲದ ಮೇಲೆ ಹಳದಿ ಟೇಪು ಅಂಟಿಸಿದ್ದರು.

“ಇದು ಕೊರೋನಾಗೂ ಆಗುತ್ತೆ, ಕಾನೂನಿಗೂ ಆಗುತ್ತೆ,” ಅಂದರು ಕುವಾಬಾರಾ-ಸಾನ್, ಟೇಪು ತೋರಿಸಿ. ಬಾಗಿ ವಂದಿಸಿದರು. ಸಣಕಲು ಮನುಷ್ಯ, ಮಾಸ್ಕಿನ ಮೇಲೆ ಒಂದು ಕಣ್ಣು ತಿಳಿ, ಇನ್ನೊಂದು ಹಾಲು ಬೆರೆತ ನೀರಿನಂತೆ. ಆದರೆ ಕಮಲಾಕ್ಷಿಯ ನೋಟ ಹೋಗಿ ನಿಂತಿದ್ದು ಕೈಗಳ ಮೇಲೆ. ಮಾತಾಡುವಾಗ ಒಂದಿಷ್ಟೂ ಅಲುಗದ, ಬೇಕಾದಾಗ ಮಾತ್ರ ಏಳುವ ಕೈಗಳು. ಹರಿಹರದ ಲೇತ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಕ್ರೇಪಿಂಗ್, ಅಂದರೆ ಲೋಹದ ಮೈ ಕೆರೆದು ಸಮ ಮಾಡುವ ಕೆಲಸ, ಮಾಡಿದ ಅವಳ ಅಪ್ಪನ ಕೈಗಳೂ ಹೀಗೇ ಇದ್ದವು. ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು.

ಟೇಪಿನ ಹಿಂದೆ ಅವಳಿಗೊಂದು ಕುರ್ಚಿ. ಎರಡು ಮೀಟರ್ ದೂರದಿಂದ ಡಯಲ್ ಗೇಜಿನ ಸಣ್ಣ ಮುಳ್ಳನ್ನು ಓದುವುದು ಹೇಗೆ? ಓಗಿನೋ-ಸಾನ್ ತನ್ನ ಬೇಟೆಯ ಬೈನಾಕ್ಯುಲರ್ ಅವಳ ಕೊರಳಿಗೆ ಹಾಕಿದಳು. ಹತ್ತಿರದ್ದನ್ನೂ ಹಿಡಿಯುವ ಒಳ್ಳೆಯ ಮಸೂರ. ಕಣ್ಣಿಗಿಟ್ಟರೆ ಡಯಲಿನ ಒಂದೊಂದು ಗೆರೆಯೂ ಅಂಗೈಯಲ್ಲಿಟ್ಟಂತೆ ಕಂಡಿತು.

ಕುವಾಬಾರಾ-ಸಾನ್ ಕಪಾಟಿನ ಬೀಗ ತೆಗೆದು ಮೂರು ಆಕ್ಷನ್‌ಗಳನ್ನು ಬಿಳಿ ಬಟ್ಟೆಯ ಮೇಲೆ ಇಟ್ಟರು. ಬಂದೂಕಿನಲ್ಲಿ ನಳಿಗೆ ಸವೆದರೆ ಬದಲಿಸಬಹುದು, ಹಿಡಿಯ ಮರ ಒಡೆದರೆ ಹೊಸದು ಕೆತ್ತಬಹುದು. ನಡುವೆ ಇರುವ ಉಕ್ಕಿನ ಗೂಡು, ಅದರೊಳಗೆ ಹಿಂದೆ ಮುಂದೆ ಸರಿದು ತೋಟಾವನ್ನು ಒಳಗೆ ಕೂರಿಸಿ ಬಾಗಿಲು ಹಾಕುವ ಬೋಲ್ಟು, ಇವೆರಡು ಸೇರಿ ಆಕ್ಷನ್. ಉಳಿದದ್ದೆಲ್ಲ ಇದಕ್ಕೆ ಬಂದು ಸೇರಿಕೊಳ್ಳುತ್ತದೆ. ಇದೊಂದನ್ನು ಕುವಾಬಾರಾ-ಸಾನ್ ತಾವು ಮಾಡುವುದಿಲ್ಲ, ಯಾವುದಾದರೂ ಕಾರ್ಖಾನೆಯದ್ದನ್ನು ಆರಿಸಿಕೊಳ್ಳುತ್ತಾರೆ.

“ಮದುವೆಗೆ ಹೆಣ್ಣು ನೋಡಿದ ಹಾಗೆ,” ಎಂದು ಕಮಲಾಕ್ಷಿ ಅಂದಳು.

“ಅದಕ್ಕಿಂತ ಕಷ್ಟ,” ಅಂದರು ಅವರು. “ನನ್ನ ಹೆಂಡತಿಯನ್ನು ನಾನು ಅರ್ಧ ಗಂಟೆಯಲ್ಲಿ ಒಪ್ಪಿದೆ.”

ಮೊದಲನೆಯದು ಜರ್ಮನಿಯ ಹಳೆಯದು, ಎಂಬತ್ತು ವರ್ಷದ ಹಿಂದೆ ಸೈನ್ಯಕ್ಕೆಂದು ತಯಾರಾದದ್ದು. ಯಾರೋ ಅದನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದರು. ಕುವಾಬಾರಾ-ಸಾನ್ ಬೋಲ್ಟನ್ನು ಬೆರಳ ತುದಿಯಿಂದ ತಳ್ಳಿದರೆ ಎಣ್ಣೆಯ ಮೇಲೆ ಎಣ್ಣೆ ಜಾರಿದಂತೆ ಹೋಗಿ ಕೂತಿತು. ಎರಡನೆಯದು ಅಮೆರಿಕದ್ದು, ಕೊಳವೆಯಂತೆ ದುಂಡಗೆ, ಹಗುರ. ಮೂರನೆಯದು ನಗೋಯಾ ಪಕ್ಕದ ಕಾರ್ಖಾನೆಯೊಂದರದು. ಬೂದು ಬಣ್ಣ, ಚಪ್ಪಟೆ ಹೊಟ್ಟೆ, ಅಂದವಿಲ್ಲ. ಅಡುಗೆಮನೆಯ ಈಳಿಗೆಮಣೆಯಂತೆ ಸುಮ್ಮನೆ ಕೂತಿತ್ತು. ಬೋಲ್ಟು ತಳ್ಳಿದರೆ ಕರಕರ ಸದ್ದು.

“ಮೊದಲನೆಯದು ನನ್ನ ಗುರುಗಳದು,” ಅಂದರು ಕುವಾಬಾರಾ-ಸಾನ್. “ಸಾಯುವ ಮೊದಲು ನನಗೆ ಕೊಟ್ಟರು. ‘ಇದಕ್ಕೆ ತಕ್ಕ ಕೈ ಸಿಕ್ಕಾಗ ಕಟ್ಟು’ ಅಂದರು. ಮೂವತ್ತೊಂದು ವರ್ಷ ಕಾದಿದ್ದೇನೆ. ಓಗಿನೋ-ಸಾನ್ ಟ್ರಿಗರ್ ಒತ್ತುವ ಮೊದಲು ಹತ್ತು ಸಲ ಯೋಚಿಸುವ ಬೇಟೆಗಾರ್ತಿ. ಇದನ್ನು ಇವರಿಗೇ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಅಳತೆ ಮೂರಕ್ಕೂ ಆಗಲಿ.”

ಓಗಿನೋ-ಸಾನ್ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿದ್ದು ಮಾಸ್ಕಿನ ದಾರದ ಪಕ್ಕದಲ್ಲಿ ಕಾಣುತ್ತಿತ್ತು.

ಕೆಲಸ ಶುರುವಾಯಿತು. ಗೂಡಿನೊಳಗೆ ನಿಖರವಾಗಿ ಕಡೆದ ಉಕ್ಕಿನ ಸರಳು ತೂರಿಸಿ, ಆ ಸರಳಿನ ಮೇಲೆ ಗೂಡನ್ನು ಮೆಲ್ಲಗೆ ತಿರುಗಿಸುತ್ತ, ನಳಿಗೆ ಬಂದು ಕೂರುವ ಮುಖಕ್ಕೆ ಡಯಲಿನ ಮೂತಿ ತಾಗಿಸಬೇಕು. ಮುಖ ನೆಟ್ಟಗಿದ್ದರೆ ಮುಳ್ಳು ನಿಂತಲ್ಲೇ ನಿಲ್ಲುತ್ತದೆ, ಓರೆಯಿದ್ದರೆ ಓಲಾಡುತ್ತದೆ. ಕುವಾಬಾರಾ-ಸಾನ್ ತಿರುಗಿಸಿದರು, ಕಮಲಾಕ್ಷಿ ಓದಿದಳು, ಓಗಿನೋ-ಸಾನ್ ಬರೆದುಕೊಂಡಳು.

“ಇನ್ನೂ ನಿಧಾನ. ಡಯಲಿನ ಕಂಬ ಅಲುಗ್ತಿದೆ, ಕೆಳಗಿನ ತಿರುಪು ಬಿಗಿ ಮಾಡಿ.”

“ಹಾಯ್,” ಅಂದರೆ ಆಗಲಿ, ಎನ್ನುವರು ಅವರು, ಮೇಷ್ಟ್ರ ಮುಂದೆ ಹುಡುಗನಂತೆ, ಮತ್ತು ಬಿಗಿ ಮಾಡುವರು.

ಎಪ್ಪತ್ತಾರರ ಉಸ್ತಾದನೊಬ್ಬ, ಅಳತೆಯ ಮಟ್ಟಿಗೆ ತನಗಿಂತ ಮೂವತ್ತು ವರ್ಷ ಚಿಕ್ಕವಳ ಮಾತನ್ನು ಇಷ್ಟು ಸಲೀಸಾಗಿ ಕೇಳುವುದನ್ನು ಕಮಲಾಕ್ಷಿ ಎಲ್ಲೂ ಕಂಡಿರಲಿಲ್ಲ. ಅವರ ಕೈಯ ಕೆಲಸವೂ ಹಾಗೇ. ಅವಳು ಬಾಯಲ್ಲಿ ‘ಒಂದು ಮೈಕ್ರಾನ್ ಹಿಂದಕ್ಕೆ’ ಎಂದರೆ ಅಲ್ಲಿ ಮುಳ್ಳು ಒಂದೇ ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಹಿಂದೆ ಸರಿಯುತ್ತಿತ್ತು. ಅವಳ ಕಾರ್ಖಾನೆಯಲ್ಲಿ ಅಂಥ ಕೆಲಸಕ್ಕೆ ಕಂಪ್ಯೂಟರಿನ ಯಂತ್ರ ಬೇಕು.

ಜರ್ಮನಿಯದ್ದರ ಮುಖದ ಓರೆ ಹದಿಮೂರು ಮೈಕ್ರಾನ್, ಚಿನ್ನದಂಥ ಅಳತೆ. ನಗೋಯಾದ್ದು ಹದಿನಾರು. ಅಮೆರಿಕದ್ದು ಅರವತ್ತರ ಹತ್ತಿರ.

ಆಮೇಲೆ ಕಿವಿಗಳ ಸರದಿ. ಬೋಲ್ಟಿನ ತಲೆಗೆ ಎರಡು ಕಿವಿಗಳಿರುತ್ತವೆ. ಬಾಗಿಲು ಹಾಕಿದಾಗ ಅವು ಗೂಡಿನೊಳಗಿನ ಎರಡು ಕಟ್ಟೆಗಳಿಗೆ ಒರಗಿ ನಿಲ್ಲುತ್ತವೆ. ತೋಟಾ ಸಿಡಿದಾಗ ಹಿಂದಕ್ಕೆ ಬರುವ ಪೂರ್ತಿ ಏಟನ್ನು, ಹೊಡೆಯುವವರ ಮುಖಕ್ಕೆ ಬಾರದಂತೆ ತಡೆಯುವುದು ಆ ಎರಡು ಕಿವಿಗಳೇ. ಎರಡೂ ಸಮನಾಗಿ ಒರಗಬೇಕು. ಅದನ್ನು ನೋಡುವ ಉಪಾಯ ಎಲ್ಲ ಊರಲ್ಲೂ ಒಂದೇ: ಬಣ್ಣ. ಹರಿಹರದಲ್ಲಿ ನೀಲಿ ಹಚ್ಚುತ್ತಿದ್ದರು, ಇಲ್ಲಿ ಕೆಂಪು. ಕಿವಿಗೆ ತೆಳ್ಳಗೆ ಬಣ್ಣ ಸವರಿ, ಬಾಗಿಲು ಹಾಕಿ, ಹಿಂದಕ್ಕೆ ಒತ್ತಿ, ತೆಗೆದು ನೋಡಿದರೆ ತಾಗಿದ ಕಡೆ ಬಣ್ಣ ಅಳಿಸಿರುತ್ತದೆ.

ನಗೋಯಾದ್ದಕ್ಕೆ ಎರಡೂ ಕಿವಿಯಲ್ಲಿ ಮುಕ್ಕಾಲು ಪಾಲು ಅಳಿಸಿತ್ತು. ಅಮೆರಿಕದ್ದಕ್ಕೆ ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಅರ್ಧ. ಜರ್ಮನಿಯದ್ದನ್ನು ತೆರೆದು ಕುವಾಬಾರಾ-ಸಾನ್ ಬೋಲ್ಟಿನ ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಅವಳತ್ತ ಹಿಡಿದರು. ಕಮಲಾಕ್ಷಿ ಬೈನಾಕ್ಯುಲರಿನ ತಿರುಪು ಸರಿಮಾಡಿಕೊಂಡಳು.

ಮೇಲಿನ ಕಿವಿ ಹೊಳೆಯುತ್ತಿತ್ತು. ಕೆಳಗಿನದರ ಮೇಲೆ ಬಣ್ಣ ಹಚ್ಚಿದ್ದು ಹಚ್ಚಿದಂತೆಯೇ ಇತ್ತು.

ತಾನೇ ತಪ್ಪಾಗಿ ನೋಡಿರಬೇಕು ಎಂದುಕೊಂಡಳು. “ಇನ್ನೊಂದು ಸಲ ಮಾಡೋಣ,” ಅಂದಳು. ಮಾಡಿದರು. ಹಾಗೇ ಇತ್ತು. “ಒರೆಸಿ, ಇನ್ನೂ ತೆಳ್ಳಗೆ ಹಚ್ಚಿ,” ಅಂದಳು. ಕೆಳಗಿನ ಕಿವಿ ಮತ್ತೆ ಕೆಂಪಾಗಿಯೇ ಹೊರಬಂತು. ಅವಳು ಬೈನಾಕ್ಯುಲರ್ ಕೆಳಗಿಳಿಸಿದಳು. ಕಾರ್ಖಾನೆಯಲ್ಲಾಗಿದ್ದರೆ ಕೆಂಪು ಚೀಟಿ ಅಂಟಿಸಿ ಮುಂದಿನದ್ದು ತೆಗೆದುಕೊಳ್ಳುತ್ತಿದ್ದಳು. ಆದರೆ ಇದು ಗುರು ಸಾಯುವಾಗ ಕೊಟ್ಟದ್ದು, ಮೂವತ್ತೊಂದು ವರ್ಷ ಕಾಪಾಡಿದ್ದು. ಆಪರೇಷನ್ ಆದ ಕಣ್ಣಿಗೆ ಕಾಣದೇ ಇರಬಹುದು. ಇಲ್ಲಿ ‘ಪರವಾಗಿಲ್ಲ’ ಎಂದುಬಿಟ್ಟರೆ ಎಲ್ಲರಿಗೂ ಖುಷಿ. ಓಗಿನೋ-ಸಾನ್ ಪೆನ್ನು ಎತ್ತಿ ಹಿಡಿದು ತನ್ನನ್ನೇ ನೋಡುತ್ತಿದ್ದಾಳೆ. ಆ ನಾಲ್ಕಡಿ ಹತ್ತಿಂಚಿನ ಹೆಂಗಸಿನ ಕೆನ್ನೆ ಈ ಉಕ್ಕಿನಿಂದ ಮೂರು ಬೆರಳು ದೂರದಲ್ಲಿರುತ್ತದೆ.

“ಕುವಾಬಾರಾ-ಸಾನ್,” ಅಂದಳು, “ಸುಮಿಮಾಸೆನ್, ಕ್ಷಮಿಸಿ. ಕೆಳಗಿನದು ತಾಗ್ತಾನೇ ಇಲ್ಲ.”

ಅವರು ಗೂಡನ್ನು ಕಿಟಕಿಯ ಕಡೆ ತಿರುಗಿಸಿದರು. ಸಣ್ಣ ಕನ್ನಡಿಯೊಂದನ್ನೂ ಬೆಳಕಿನ ಕಡ್ಡಿಯನ್ನೂ ಗೂಡಿನೊಳಗೆ ತೂರಿಸಿ, ತಿಳಿಯಾದ ಕಣ್ಣನ್ನು ಅದಕ್ಕೆ ಹಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಕಿರುಬೆರಳಿನ ಉಗುರನ್ನು ಒಳಗೆ ಹಾಕಿ ಕಟ್ಟೆಯ ಮೇಲೆ ಮೆಲ್ಲಗೆ ಎಳೆದರು. ಉಗುರು ಎಲ್ಲಿಯೋ ತಡೆಯಿತು. ಅದು ಅವರ ಮುಖದಲ್ಲೇ ತಿಳಿಯಿತು.

“ತಗ್ಗು ಬಿದ್ದಿದೆ,” ಅಂದರು. “ಯಾವಾಗಲೋ ಅಳತೆ ಮೀರಿದ ತೋಟಾ ಹಾರಿಸಿದ್ದಾರೆ. ಕೆಳಗಿನ ಕಿವಿ ಕಟ್ಟೆಯನ್ನು ಒತ್ತಿ ತಗ್ಗಿಸಿದೆ, ಅದಕ್ಕೇ ಈಗ ತಾಗ್ತಿಲ್ಲ.”

“ತಿಕ್ಕಿ ಸರಿಮಾಡಬಹುದಲ್ಲವಾ?” ಓಗಿನೋ-ಸಾನ್ ಕೇಳಿದಳು.

“ಆಗೋದಿಲ್ಲ. ಆ ಕಾಲದ ಉಕ್ಕಿನಲ್ಲಿ ಗಟ್ಟಿ ಇರೋದು ಮೇಲಿನ ಸಿಪ್ಪೆ ಮಾತ್ರ. ತಿಕ್ಕಿದರೆ ಸಿಪ್ಪೆ ಹೋಗಿ ಒಳಗಿನ ಮೆತ್ತನೆಯದು ಬಾಯಿ ತೆರೆಯುತ್ತೆ. ಒಂದು ನೂರು ಗುಂಡು ತಡೆಯಬಹುದು, ಎರಡು ನೂರೂ ತಡೆಯಬಹುದು. ಎಷ್ಟನೆಯದಕ್ಕೆ ಒಡೆಯುತ್ತೆ ಅಂತ ಹೇಳೋದಕ್ಕೆ ಬರಲ್ಲ.”

ಅವರು ಬೋಲ್ಟನ್ನು ಬಟ್ಟೆಯ ಮೇಲಿಟ್ಟರು. ಕಮಲಾಕ್ಷಿಯ ಕಡೆ ತಿರುಗಿ ಸೊಂಟ ಬಗ್ಗಿಸಿ ವಂದಿಸಿದರು. ಅವಳೂ ಗಾಬರಿಯಿಂದ ಎದ್ದು ಬಗ್ಗಿದಳು, ಬೈನಾಕ್ಯುಲರ್ ಹೋಗಿ ಮಂಡಿಗೆ ಬಡಿಯಿತು.

“ಬೇರೆ ಯಾವ ಆಕ್ಷನ್ ಬಂದರೂ ನಾನು ಮೊದಲು ಬಣ್ಣ ಹಚ್ಚಿ ನೋಡುತ್ತೇನೆ,” ಅಂದರು ಅವರು. “ಇದಕ್ಕೆ ಹಚ್ಚಲಿಲ್ಲ. ಗುರುಗಳು ಕೊಟ್ಟದ್ದಕ್ಕೆ ಬಣ್ಣ ಹಚ್ಚಿ ನೋಡೋದು ಹೇಗೆ ಅಂತ ಬಿಟ್ಟೆ. ಕಣ್ಣು ಸರಿ ಇದ್ದ ಮೂವತ್ತು ವರ್ಷ ಬಿಟ್ಟೆ. ಇದು ಕಣ್ಣಿನ ದೋಷ ಅಲ್ಲ.”

ಅವರೇ ಎದ್ದು ಒಳಗೆ ಹೋಗಿ ಬಾರ್ಲಿ ಚಹಾ ತಂದು, ಟೇಪಿನ ಈಚೆಗೊಂದು ಆಚೆಗೊಂದು ಲೋಟ ಇಟ್ಟರು. ಕುಡಿಯುವಾಗ ಹರಿಹರದ ಬಗ್ಗೆ ಕೇಳಿದರು. ನಿಮಗೆ ಬಣ್ಣ ನೋಡುವುದನ್ನು ಕಲಿಸಿದವರು ಯಾರು? ಕಮಲಾಕ್ಷಿ ಅಪ್ಪನ ವಿಷಯ ಹೇಳಿದಳು: ಆರಡಿ ಉದ್ದದ ಲೇತಿನ ಹಾಸನ್ನು ಉಳಿಯಂಥ ಸ್ಕ್ರೇಪರಿನಿಂದ ಎದೆ ಕೊಟ್ಟು ಕೆರೆಯುತ್ತಿದ್ದದ್ದು, ಸಂಜೆ ಮನೆಗೆ ಬಂದರೆ ಬೆರಳ ಸಂದಿನಲ್ಲಿ ನೀಲಿ, ತಟ್ಟೆಯ ಅಂಚಿನಲ್ಲೂ ನೀಲಿ. ಕುವಾಬಾರಾ-ಸಾನ್ ತಮ್ಮ ಹಳೆಯ ಲೇತಿನ ಮೇಲಿನ ಎಣ್ಣೆ ಒರೆಸಿ, ಮೀನಿನ ಹುರುಪೆಯಂಥ ಕೆರೆದ ಗುರುತುಗಳನ್ನು ತೋರಿಸಿದರು. ಅದನ್ನು ಮುಟ್ಟಲು ಯಾವ ಕಾನೂನೂ ಅಡ್ಡ ಬರುವುದಿಲ್ಲವೆಂದು ಅವಳನ್ನು ಟೇಪು ದಾಟಿಸಿ ಕರೆದುಕೊಂಡು ಹೋದರು. ಅದಕ್ಕೆ ಮೊದಲು ಆ ಮೂರು ಆಕ್ಷನ್‌ಗಳನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

ಉಳಿದದ್ದು ಎರಡು. ಮುಂದಿನ ಶನಿವಾರ ಅದರ ಮಾತಾಯಿತು.

“ಅಮೆರಿಕದ್ದು ಹಗುರ. ಕಟ್ಟಿ ಮುಗಿಸಿದಾಗ ಇನ್ನೂರು ಗ್ರಾಂ ವ್ಯತ್ಯಾಸ ಬೀಳುತ್ತೆ,” ಅಂದರು ಕುವಾಬಾರಾ-ಸಾನ್. “ಓರೆ ಇದ್ದರೂ ಅದರ ಉಕ್ಕು ಒಳಗಿನವರೆಗೂ ಒಂದೇ ಗಟ್ಟಿ. ಲೇತಿಗೆ ಕಟ್ಟಿ ಮುಖ ನೆಟ್ಟಗೆ ಮಾಡಬಹುದು, ಕಿವಿ ಸರಿಮಾಡಬಹುದು. ಐದು ವರ್ಷದ ಹಿಂದೆ ನೀವು ಬಂದಿದ್ದರೆ ಅದನ್ನೇ ತಗೊಳ್ಳಿ ಅಂತಿದ್ದೆ. ಈಗ ನನ್ನ ಕಣ್ಣನ್ನು ಕಡಿಮೆ ಬೇಡುವುದು ಯಾವುದೋ ಅದು ನಿಮಗೆ ಒಳ್ಳೆಯದು. ನಗೋಯಾದ್ದಕ್ಕೆ ನಾನು ಮಾಡೋದು ಏನೂ ಇಲ್ಲ. ಕಾರ್ಖಾನೆಯವರು ಮಾಡಿ ಮುಗಿಸಿದ್ದಾರೆ. ಹೊಟ್ಟೆ ಚಪ್ಪಟೆ ಇರೋದರಿಂದ ಮರದಲ್ಲಿ ಕದಲದೆ ಕೂರುತ್ತೆ. ಕರಕರ ಸದ್ದು ನೂರು ಸಲ ಎಳೆದರೆ ಹೋಗುತ್ತೆ.”

ಬಂದೂಕು ಕಟ್ಟುವವನೊಬ್ಬ ಗಿರಾಕಿಯ ಎದುರು ‘ನನ್ನ ಕೈಗೆ ಕೆಲಸವಿಲ್ಲದ್ದನ್ನು ಕೊಳ್ಳಿ’ ಎನ್ನುವುದು! ಕಮಲಾಕ್ಷಿ ಟೇಪಿನ ಹಿಂದೆ ಕೂತು ಅದನ್ನು ಕೇಳಿದಳು. ಮನೆಗೆ ಹೋಗಿ ಶಿವಾನಂದನಿಗೆ ಹೇಳಿದಾಗ ಅವನು ಲ್ಯಾಪ್‌ಟಾಪ್ ಮುಚ್ಚಿ ಮತ್ತೊಮ್ಮೆ ಹೇಳಿಸಿಕೊಂಡ.

ಓಗಿನೋ-ಸಾನ್ ಕೂಡಲೇ ಉತ್ತರ ಕೊಡಲಿಲ್ಲ. ಎರಡು ವಾರ ಬೇಕು ಎಂದಳು. ಮೊದಲ ಭಾನುವಾರ ಬೆನ್ನಚೀಲದಲ್ಲಿ ರೈಫಲ್ಲಿನಷ್ಟು ತೂಕದ ನೀರಿನ ಬಾಟಲಿಗಳನ್ನಿಟ್ಟು ಬೆಟ್ಟ ಹತ್ತಿ ಇಳಿದಳು. ಎರಡನೆಯ ಭಾನುವಾರ ಅದೇ ದಾರಿ, ಇನ್ನೂರು ಗ್ರಾಂ ಹೆಚ್ಚು. ಸೋಮವಾರ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ವರದಿ ಒಪ್ಪಿಸಿದಳು.

“ಹತ್ತುವಾಗ ಗೊತ್ತಾಗಲಿಲ್ಲ. ಇಳಿಯುವಾಗ ಕೊನೆಯ ಅರ್ಧ ಗಂಟೆ ಎಡ ಮಂಡಿಗೆ ಗೊತ್ತಾಯಿತು. ಅಷ್ಟು ನಾನು ಹೊರುತ್ತೇನೆ, ನಗೋಯಾದ್ದೇ ಇರಲಿ.”

ಜೂನ್ ಕೊನೆಯ ಶನಿವಾರ ಕುವಾಬಾರಾ-ಸಾನ್ ಕಮಲಾಕ್ಷಿಗೆ ಬರಹೇಳಿದರು. ಜರ್ಮನಿಯದ್ದನ್ನು ಅವರು ಕತ್ತರಿಸುವವರಿದ್ದರು. ಠಾಣೆಗೆ ತಿಳಿಸಿ ಕಾಗದ ಮಾಡಿಸಿದ್ದೂ ಆಗಿತ್ತು.

“ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡ್ತಾ ಇರಬಹುದಲ್ಲ,” ಅಂದಳು ಕಮಲಾಕ್ಷಿ. ಅವಳಿಗೆ ನಿಜಕ್ಕೂ ಸಂಕಟವಾಗಿತ್ತು.

“ನಾನು ಎಷ್ಟು ವರ್ಷ ಇರುತ್ತೇನೆ? ಆಮೇಲೆ ಕಪಾಟು ತೆಗೆಯುವವರಿಗೆ ಇದರ ಹೊಳಪು ಕಾಣುತ್ತೆ, ತಗ್ಗು ಕಾಣಲ್ಲ. ಒಳ್ಳೆಯ ಹೆಸರಿನ ವಸ್ತುವನ್ನು ಯಾರೂ ಅಳೆಯೋದಿಲ್ಲ. ನಾನೇ ಅಳೆಯಲಿಲ್ಲ.”

ಕನ್ನಡಕ ಹಾಕಿಕೊಂಡು, ಗೂಡನ್ನು ಮೇಜಿನ ಮೇಲೆ ಬಿಗಿಹಿಡಿಯುವ ವೈಸಿಗೆ ಕಟ್ಟಿ, ಕಟಿಂಗ್ ವೀಲ್ ಇಟ್ಟರು. ಕಿಡಿಗಳು ನೆಲದ ಮೇಲೆ ಹಾರಿ ಆರಿದವು. ಎರಡು ನಿಮಿಷವೂ ಹಿಡಿಯಲಿಲ್ಲ. ಎರಡು ಹೋಳಾದದ್ದನ್ನು ಉಜ್ಜಿ, ಯಾವುದೋ ದ್ರಾವಣ ಹಚ್ಚಿ ಅವಳತ್ತ ತಿರುಗಿಸಿದರು. ಕತ್ತರಿಸಿದ ಮುಖದ ಸುತ್ತ ಕಪ್ಪಗೆ ಒಂದು ಗೆರೆ, ಬಾಳೆಹಣ್ಣಿನ ಸಿಪ್ಪೆಯಷ್ಟೂ ದಪ್ಪವಿಲ್ಲ. ಒಳಗೆಲ್ಲ ತಿಳಿ ಬೂದು. ಕಟ್ಟೆಯಿದ್ದ ಜಾಗದಲ್ಲಿ ಆ ಕಪ್ಪು ಗೆರೆ ಒಂದು ಕಡೆ ಮುರಿದು ಒಳಕ್ಕೆ ಕುಸಿದಿತ್ತು. ಅವರು ಆ ಹೋಳಿಗೆ ಕೈ ಮುಗಿದರು. ಕಮಲಾಕ್ಷಿಯೂ, ಯಾಕೆಂದು ತನಗೇ ತಿಳಿಯದೆ, ಮುಗಿದಳು.

ಜುಲೈ-ಆಗಸ್ಟಿನ ಆ ಜಪಾನಿ ಬೇಸಿಗೆಯೆಲ್ಲ ಟೋಕಿಯೋ, ಕನಗಾವಾ ಎರಡರಲ್ಲೂ ಸೋಂಕು ಏರುತ್ತಲೇ ಇತ್ತು. ವಿದೇಶದಿಂದ ಬರಬೇಕಾದ ನಳಿಗೆ ಯಾವುದೋ ಬಂದರಿನಲ್ಲಿ ಸಿಕ್ಕಿಬಿದ್ದು ಅಕ್ಟೋಬರಿನಲ್ಲಿ ಬಂದು ಮುಟ್ಟಿತು. ಕುವಾಬಾರಾ-ಸಾನ್ ಅಷ್ಟರಲ್ಲಿ ವಾಲ್‌ನಟ್ ಮರದ ಹಿಡಿ ಕೆತ್ತಿದ್ದರು. ಓಗಿನೋ-ಸಾನ್‌ಳನ್ನು ಆರು ಸಲ ಕರೆಸಿ, ದಪ್ಪ ಕೋಟು ತೊಡಿಸಿ, ತೆಳು ಕೋಟು ತೊಡಿಸಿ, ಕಣ್ಣು ಮುಚ್ಚಿ ಭುಜಕ್ಕಿಡಲು ಹೇಳಿ, ತೆರೆದಾಗ ಗುರಿ ನೇರಕ್ಕೆ ಬರುವವರೆಗೂ ಮರವನ್ನು ಒಂದೊಂದೇ ಎಳೆ ಹೆರೆದಿದ್ದರು. ಕಪಾಟಿನಲ್ಲಿದ್ದ ಇನ್ನುಳಿದ ಆಕ್ಷನ್‌ಗಳಿಗೂ ಬಣ್ಣ ಹಚ್ಚಿ ನೋಡಬೇಕೆಂದು ಕಮಲಾಕ್ಷಿಯನ್ನು ನಾಲ್ಕು ಶನಿವಾರ ಟೇಪಿನ ಹಿಂದೆ ಕೂರಿಸಿದರು. ಹನ್ನೊಂದರಲ್ಲಿ ಹನ್ನೊಂದೂ ಸರಿಯಿದ್ದವು. ಪ್ರತಿಯೊಂದಕ್ಕೂ ದಿನಾಂಕ ಹಾಕಿ, ‘ನೋಡಿದವರು’ ಎಂಬ ಜಾಗದಲ್ಲಿ ಅವಳಿಂದ ಕನ್ನಡದಲ್ಲೇ ಸಹಿ ಹಾಕಿಸಿಕೊಂಡರು.

ನವೆಂಬರಿನಲ್ಲಿ ಪರವಾನಗಿ ಬಂತು. ಶೂಟಿಂಗ್ ಮೈದಾನಕ್ಕೆ ಕಮಲಾಕ್ಷಿಯೂ ಹೋದಳು, ಸುಮ್ಮನೆ ನೋಡಲು. ಓಗಿನೋ-ಸಾನ್ ಮೇಜಿಗೆ ಒರಗಿ, ಉಸಿರು ಬಿಟ್ಟು, ನೂರು ಮೀಟರ್ ಆಚೆಯ ಕಾಗದಕ್ಕೆ ಮೂರು ಗುಂಡು ಹೊಡೆದಳು. ಪ್ರತಿ ಏಟಿನ ನಡುವೆ ಎರಡು ನಿಮಿಷ ನಳಿಗೆ ಆರಲು ಬಿಟ್ಟಳು. ಕಾಗದ ತಂದಾಗ ಮೂರು ತೂತುಗಳೂ ಒಂದು ಬಟ್ಟಲಡಿಕೆಯ ಅಗಲದೊಳಗಿದ್ದವು. ಕುವಾಬಾರಾ-ಸಾನ್ ಅದನ್ನು ತಿಳಿ ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, “ಇದು ನಾನಲ್ಲ, ನಗೋಯಾದವರು,” ಅಂದರು. ಆಮೇಲೆ ಸ್ವಲ್ಪ ತಡೆದು, “ಮರ ನಾನು,” ಎಂದು ಸೇರಿಸಿದರು.

ಡಿಸೆಂಬರಿನ ಎರಡನೇ ಭಾನುವಾರ, ಇನ್ನೂ ಹನ್ನೊಂದು ಗಂಟೆ, ಕಮಲಾಕ್ಷಿ ದೋಸೆ ಹುಯ್ಯುತ್ತಿದ್ದಾಗ ಫೋನ್ ಬಂತು.

“ನಿಂತಲ್ಲೇ ಕುಸಿಯಿತು, ಕಮಲಾ-ಸಾನ್. ಅದಕ್ಕೆ ಸದ್ದೂ ಕೇಳಿಸಿರಲಾರದು.” ಓಗಿನೋ-ಸಾನ್‌ಳ ದನಿಯಲ್ಲಿ ಗೆಲುವಿರಲಿಲ್ಲ, ನಿರಾಳವಿತ್ತು. “ನಿಮಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ನಿಮ್ಮಲ್ಲಿ ಇದು...”

“ಹೇಳಿದ್ದು ಒಳ್ಳೆಯದಾಯ್ತು,” ಅಂದಳು ಕಮಲಾಕ್ಷಿ. ಅದು ನಿಜವೂ ಆಗಿತ್ತು. ಒಂದು ಜೀವ ಹೋದದ್ದಕ್ಕೆ ಅವಳಿಗೆ ನೋವಾಯಿತು. ಆದರೂ ಆ ಹೆಂಗಸನ್ನು, ಆ ಮುದುಕನನ್ನು ಅವಳು ಗೌರವಿಸುವುದು ಅದರಿಂದ ಕಮ್ಮಿಯಾಗಲಿಲ್ಲ. ಎರಡೂ ಒಟ್ಟಿಗೇ ಇದ್ದವು. ಕಾವಲಿಯ ಮೇಲಿನ ದೋಸೆ ಸೀದಿತ್ತು, ತನ್ವಿ ಬಂದು ಒಲೆ ಆರಿಸಿದಳು.

ಸೋಮವಾರ ಓಗಿನೋ-ಸಾನ್ ಕಟ್ಟೆಗೆ ಒಂದು ಚೀಲ ಹೊತ್ತು ತಂದಳು. ಮಾಂಸ ಬೇಟೆ ತಂಡದವರಿಗೆಲ್ಲ ಹಂಚಿ ಹೋಗಿತ್ತು. ನಿಮಗೇನು ಕೊಡಲಿ ಎಂದು ತಿಳಿಯದೆ, ಬೆಟ್ಟದ ಬುಡದಲ್ಲಿ ಯಾರೂ ಕೀಳದ ಮರದಿಂದ ಯುಜು ಹಣ್ಣು ಕಿತ್ತು ತಂದಿದ್ದಳು. ನಿಂಬೆಗೂ ಕಿತ್ತಳೆಗೂ ನಡುವಿನ ಹಳದಿ ಹಣ್ಣು, ಮೂವತ್ತೋ ನಲವತ್ತೋ ಇದ್ದವು. ಕಮಲಾಕ್ಷಿ ಆ ವಾರ ಕೂತು ಹೆಚ್ಚಿ, ಉಪ್ಪು ಹಾಕಿ, ಟೋಕಿಯೋದ ನಿಶಿ-ಕಸಾಯಿ ಬಡಾವಣೆಯ ಭಾರತೀಯ ಅಂಗಡಿಯಿಂದ ತರಿಸಿದ ಬ್ಯಾಡಗಿ ಮೆಣಸಿನಪುಡಿ ಕಲಸಿ ಉಪ್ಪಿನಕಾಯಿ ಹಾಕಿದಳು. ಒಂದು ಬಾಟಲಿ ಓಗಿನೋ-ಸಾನ್‌ಗೆ, ಒಂದು ಹದಾನೊಗೆ.

ಹೊಸ ವರ್ಷದ ವಾರ ಕುವಾಬಾರಾ-ಸಾನ್ ಫೋನ್ ಮಾಡಿದರು. ಎರಡನೇ ಕಣ್ಣಿಗೆ ಫೆಬ್ರವರಿಯಲ್ಲಿ ದಿನ ಕೊಟ್ಟಿದ್ದಾರಂತೆ. ಅದನ್ನು ಎರಡೇ ಮಾತಿನಲ್ಲಿ ಮುಗಿಸಿ ಉಪ್ಪಿನಕಾಯಿಗೆ ಬಂದರು. ಎಷ್ಟು ಹಣ್ಣಿಗೆ ಎಷ್ಟು ಉಪ್ಪು? ಎಷ್ಟು ದಿನ ಬಿಸಿಲು? ಮೆಣಸು ತೂಕದ ಲೆಕ್ಕವೋ ಚಮಚದ ಲೆಕ್ಕವೋ?

“ಕಣ್ಣಳತೆ, ಕುವಾಬಾರಾ-ಸಾನ್. ನಮ್ಮಲ್ಲಿ ಅದನ್ನು ತೂಗೋದಿಲ್ಲ.”

ಆ ಕಡೆ ಸಣ್ಣಗೆ ನಕ್ಕ ಸದ್ದು ಕೇಳಿಸಿತು. ಆಮೇಲೆ, ಮುಂದಿನ ಸಲ ಹಾಕುವಾಗ ಪ್ರತಿಯೊಂದನ್ನೂ ತೂಗಿ ಬರೆದು ಕಳಿಸಬೇಕೆಂದು ಬಹಳ ವಿನಯದಿಂದ ಕೇಳಿಕೊಂಡರು. ಕಮಲಾಕ್ಷಿ ಆಗಲಿ ಎಂದಳು.